ಹತ್ತು ಸೆಕೆಂಡಿನ ಆಟೋ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಅವ್ವ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಆ ಸೋಮವಾರ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಹುಬ್ಬಳ್ಳಿ ಪಕ್ಕದ ಗಬ್ಬೂರಿನ ನಮ್ಮ ಅಂಗಡಿಯಲ್ಲಿ ಬೆಳಗಿನಿಂದ ಸ್ಕ್ರೂಡ್ರೈವರ್ ಹಿಡಿದುಕೊಂಡು ಆ ಮೂಲೆಯಿಂದ ಈ ಮೂಲೆಗೆ ತಿರುಗುತ್ತಿದ್ದೆ. ನಾನು ವೈರಿಂಗ್ ಮಾಡಿದ ದೋಣಿ ಅಂದು ಧಾರವಾಡದ ಕೆಲಗೇರಿ ಕೆರೆಯಲ್ಲಿ ಮೊದಲ ಸಲ ತಾನೇ ದಾರಿ ಹಿಡಿದು ಹೋಗುವುದಿತ್ತು. ನನ್ನನ್ನು ಮಾತ್ರ ಯಾರೂ ಕರೆದಿರಲಿಲ್ಲ.

"ನೀ ಬ್ಯಾಡ," ಎಂದಿದ್ದರು ಅಂಗಡಿಯ ಮಾಲೀಕ ತ್ರ್ಯಂಬಕ ಕಾಕಾ. "ದೊಡ್ಡ ಸಾಹೇಬ್ರು ಬರೋರಿದ್ದಾರ. ನೀ ಏನರೆ ಒಂದ ಅಂದಬಿಡ್ತಿ. ನಿನ್ನ ಕೆಲಸ ಛಲೋ ಅದ ದುರ್ಗಾ, ಬಾಯಿ ಛಲೋ ಇಲ್ಲ."

ನಮ್ಮದು ಪಂಪ್‌ಸೆಟ್ಟಿನ ಪ್ಯಾನಲ್ ಮಾಡುವ ಅಂಗಡಿ. ಹೊಲದಲ್ಲಿ ಬೋರ್‌ವೆಲ್ಲಿನ ಪಕ್ಕ ಗೋಡೆಗೆ ತೂಗುಹಾಕಿದ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ ಇರುತ್ತದಲ್ಲ, ಅದು. 2004ರ ಆ ಹೊತ್ತಿಗೆ ನಾನು ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿ ಆರು ವರ್ಷವಾಗಿತ್ತು. ಹೊಲದ ಕರೆಂಟಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳಲು ಆಗುವುದಿಲ್ಲ. ಬಂದಾಗಲೆಲ್ಲ ಹೊಲಕ್ಕೆ ಓಡಿ ಹಸಿರು ಬಟನ್ ಒತ್ತಲು ಯಾರಿಂದ ಸಾಧ್ಯ? ಅದಕ್ಕೆ ಪೆಟ್ಟಿಗೆಯೊಳಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಸಾಧನ ಕೂಡಿಸುತ್ತೇವೆ. ರೈತರು ಅದಕ್ಕೆ ಆಟೋ ಎನ್ನುತ್ತಾರೆ. ಕರೆಂಟು ಬಂದಮೇಲೆ ಅದು ಹತ್ತು ಸೆಕೆಂಡು ಕಾಯುತ್ತದೆ, ಏರಿಳಿಯುವ ಕರೆಂಟು ಒಂದು ಹದಕ್ಕೆ ನಿಲ್ಲಲಿ ಎಂದು. ಆಮೇಲೆ ಯಾರೋ ಬಟನ್ ಒತ್ತಿದ ಹಾಗೆ ಮಾಡಿ ಮೋಟರ್ ಚಾಲೂ ಮಾಡುತ್ತದೆ. ಆಟೋ ಇಲ್ಲದ ಪೆಟ್ಟಿಗೆಯನ್ನು ಯಾರೂ ಒಯ್ಯುವುದಿಲ್ಲ. ನಾನೂ ಅದನ್ನು ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದೆ.

ಇಂಥ ಅಂಗಡಿಗೆ ದೋಣಿಯ ಕೆಲಸ ತಂದವರು ಗೌತಮ ಎಂಬ ಎಂಜಿನಿಯರ್. ಜಲಾಶಯಗಳಲ್ಲಿ ಹೂಳು ಎಷ್ಟು ತುಂಬಿದೆ ಎಂದು ಅಳೆಯುವ ಸರಕಾರಿ ಕಚೇರಿ ಅವರದು. ದೋಣಿ ಈ ದಂಡೆಯಿಂದ ಆ ದಂಡೆಗೆ ನೆಟ್ಟಗೆ ಹೋಗಬೇಕು, ಹೋಗುತ್ತಾ ಆಳ ಅಳೆಯಬೇಕು. ಕೈಯಿಂದ ನಡೆಸಿದರೆ ಗೆರೆ ಸೊಟ್ಟಪಟ್ಟ ಬರುತ್ತದೆ. ಅದಕ್ಕೆ ಅವರು ಗೋವಾದ ಯಾವುದೋ ಹಳೇ ಹಡಗಿನಿಂದ ಬಿಚ್ಚಿದ ಆಟೋಪೈಲಟ್ ಹುಡುಕಿ ತಂದಿದ್ದರು. ದಿಕ್ಸೂಚಿ ನೋಡಿಕೊಂಡು ಚುಕ್ಕಾಣಿಯನ್ನು ತಾನೇ ಎಡಕ್ಕೂ ಬಲಕ್ಕೂ ತಳ್ಳಿಸುವ ಪೆಟ್ಟಿಗೆ ಅದು. ಜೊತೆಗೆ ಬಂದ ಪುಸ್ತಕದ ಅರ್ಧ ಹಾಳೆಗಳು ಉಪ್ಪುನೀರಿಗೆ ನೆನೆದು ಒಂದಕ್ಕೊಂದು ಅಂಟಿಹೋಗಿದ್ದವು.

ನಾನು ಸಮುದ್ರವನ್ನೇ ನೋಡಿದವಳಲ್ಲ. ಆದರೆ ಮುಚ್ಚಳ ಬಿಚ್ಚಿದಾಗ ಒಳಗೆ ಸಿಕ್ಕವರು ಪರಿಚಯದವರೇ: ನಾಲ್ಕು ರಿಲೇ. ಸಣ್ಣ ಕರೆಂಟು ಸಿಕ್ಕಿದರೆ ಟಕ್ ಎಂದು ಕೂಡಿಕೊಂಡು ದೊಡ್ಡ ಕರೆಂಟಿಗೆ ದಾರಿ ಬಿಡುವ ಸ್ವಿಚ್ಚುಗಳು. ಮೊದಲನೆಯದನ್ನು ಎಡಕ್ಕೆ, ಎರಡನೆಯದನ್ನು ಬಲಕ್ಕೆ, ಮೂರನೆಯದನ್ನು ಎಚ್ಚರಿಕೆಯ ಗಂಟೆಗೆ ಎಂದು ಪರದೆಯ ಮೇಲೆ ಹೇಳಿಕೊಟ್ಟೆ. ನಾಲ್ಕನೆಯದನ್ನು ಖಾಲಿ ಬಿಟ್ಟೆ. ಚುಕ್ಕಾಣಿಯನ್ನು ತಳ್ಳುವ ಹೈಡ್ರಾಲಿಕ್ ಪಂಪು ಎಳೆಯುವ ಕರೆಂಟಿಗೆ ಆ ಪುಟ್ಟ ರಿಲೇಗಳು ಸುಟ್ಟುಹೋಗುತ್ತಿದ್ದವು, ಹಾಗಾಗಿ ನಡುವೆ ದೊಡ್ಡ ಕರೆಂಟು ತಡೆಯುವ ಎರಡು ದಪ್ಪ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಹಾಕಿ, ಎಡದ್ದು ಎದ್ದಾಗ ಬಲದ್ದು ಏಳದಂತೆ ಕಟ್ಟಿಹಾಕಿದೆ. ಮೊದಲ ಸಲ ಚಾಲೂ ಮಾಡಿದರೆ ಪರದೆ ಎಡ ಎಂದಿತು, ಪಂಪಿನ ದಂಡ ಬಲಕ್ಕೆ ಹೋಯಿತು. ಎರಡು ವೈರು ಅದಲುಬದಲು ಮಾಡಿದೆ. ಒಂದು ಡಿಗ್ರಿ ತಪ್ಪಿದರೂ ತಿದ್ದು ಎಂದು ಇಟ್ಟಾಗ ರಿಲೇಗಳು ಒಂದೇ ಸಮ ಟಕಟಕ ಎಂದು ತಲೆ ತಿಂದವು. ನಾಲ್ಕು ಡಿಗ್ರಿಗೆ ಬಿಟ್ಟಮೇಲೆ ಸುಮ್ಮನಾದವು.

ಅಷ್ಟಕ್ಕೇ ಕೈಬಿಟ್ಟಿದ್ದರೆ ಚೆನ್ನಾಗಿತ್ತು. ಒಂದು ಸಂಗತಿ ಮಾತ್ರ ನನಗೆ ಸರಿಬರಲಿಲ್ಲ. ಕರೆಂಟು ತೆಗೆದು ಹಾಕಿದರೆ ಈ ಪೆಟ್ಟಿಗೆ ದೀಪ ಹಚ್ಚಿಕೊಂಡು ಸುಮ್ಮನೆ ಕೂತುಬಿಡುತ್ತಿತ್ತು. ಯಾರಾದರೂ ಬಂದು ಬಟನ್ ಒತ್ತುವ ತನಕ ಒಂದು ರಿಲೇಯೂ ಏಳುತ್ತಿರಲಿಲ್ಲ. ಎಂಥ ಸೋಮಾರಿ ಯಂತ್ರ ಎಂದುಕೊಂಡೆ. ಬಟನ್ನಿನ ಎರಡು ವೈರಿಗೆ ನಮ್ಮ ಅಂಗಡಿಯ ಆಟೋ ತಂದು ಕೂಡಿಸಿದೆ. ಮೇನ್ ಸ್ವಿಚ್ ತೆಗೆದೆ, ಹಾಕಿದೆ, ಹತ್ತು ಎಣಿಸಿದೆ. ಟಕ್.

ತ್ರ್ಯಂಬಕ ಕಾಕಾ ಟೇಬಲ್ ಬಡಿದು, "ನಮ್ಮ ಹುಬ್ಬಳ್ಳಿ ಮಂದಿ ಅಂದ್ರ ಏನ್ ತಿಳದಾರ ಆ ಹಡಗಿನವ್ರು," ಎಂದರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಸೋಮವಾರ ಹನ್ನೊಂದರ ಸುಮಾರಿಗೆ ಅಂಗಡಿಯ ಫೋನ್ ಹೊಡೆಯಿತು. ಕಾಕಾ "ಹೌದ್ರಿ, ಹೌದ್ರಿ" ಎಂದು ನಗುತ್ತಲೇ ಕೇಳಿ ರಿಸೀವರ್ ಇಟ್ಟರು.

"ಗೆದ್ದಿ ನೋಡು ದುರ್ಗಾ. ಮೂರ ಸಲ ಕೆರಿ ದಾಟೇದಂತ, ನೆಟ್ಟಗ. ನಡುವ ಒಂದ್ಸಲ ಮೇನ್ ತಗದು ಹಾಕಿದ್ರಂತ, ತಾನಽ ಚಾಲೂ ಆತಂತ. ಗೌತಮ ಅವರಿಗೆ ಅದು ಭಾಳ ಸೇರೇದ. ಮಧ್ಯಾಹ್ನ ಸಾಹೇಬ್ರ ಮುಂದ ಅದನ್ನಽ ತೋರಸ್ತಾರಂತ. ಉಳದ ನಾಕೂ ದೋಣಿಗೆ ಇಂಥದಽ ಬೇಕಂತ."

"ಮೇನ್ ಯಾಕ ತಗದಿದ್ರಂತ ಕಾಕಾ?"

"ಚುಕ್ಕಾಣಿಗೆ ಅಂತರಗಂಗಿ ಸಿಕ್ಕೊಂಡಿತ್ತಂತ. ಬಿಡಸ್ಲಿಕ್ಕೆ."

ಶನಿವಾರ ದೋಣಿಗೆ ಪೆಟ್ಟಿಗೆ ಕೂಡಿಸಲು ಹೋದಾಗ ಅಂತರಗಂಗೆಯ ಕಳೆ ಬಿಡಿಸುವುದನ್ನು ಕಣ್ಣಾರೆ ಕಂಡಿದ್ದೆ. ದೋಣಿ ನಡೆಸುವವರು ಹೊಳೆಯಪ್ಪ, ಕೆಲಗೇರಿಯವರೇ, ಐವತ್ತರ ಹತ್ತಿರದವರು. ಮೇನ್ ತೆಗೆದು, ದೋಣಿಯ ಹಿಂಬದಿಯಲ್ಲಿ ಬೋರಲು ಮಲಗಿ, ಚುಕ್ಕಾಣಿಯ ಕಬ್ಬಿಣದ ತೋಳಿಗೂ ದೋಣಿಯ ಗೋಡೆಗೂ ನಡುವಿನ ಸಂದಿಯಲ್ಲಿ ಭುಜದ ತನಕ ಕೈ ಇಳಿಸಿ ಬೇರು ಕೀಳುತ್ತಿದ್ದರು. ನಾನು ಪಕ್ಕದಲ್ಲೇ ಕೂತು ವೈರು ಸುಲಿಯುತ್ತಿದ್ದೆ. ಅವರು ಕೈ ಹಾಕುವ ಜಾಗ, ನಾನು ಕೂಡಿಸುವ ಆಟೋ ಎರಡೂ ಕಣ್ಣ ಮುಂದೆಯೇ ಇದ್ದವು. ತಲೆಯಲ್ಲಿ ಮಾತ್ರ ಕೂಡಿರಲಿಲ್ಲ.

ಈಗ ಕೂಡಿದವು. ಯಾರೋ ಮೇನ್ ಹಾಕುತ್ತಾರೆ. ದೀಪ ಹತ್ತುತ್ತದೆ, ಬೇರೇನೂ ಆಗುವುದಿಲ್ಲ. ಏನೂ ಆಗಲಿಲ್ಲವಲ್ಲ ಎಂದು ಹೊಳೆಯಪ್ಪ ಉಳಿದ ಒಂದು ಬೇರಿಗೆ ಕೈ ಹಾಕುತ್ತಾರೆ. ಎಂಟು, ಒಂಬತ್ತು, ಹತ್ತು. ಆಮೇಲೆ ದೋಣಿ ಗಾಳಿಗೆ ನಾಲ್ಕು ಡಿಗ್ರಿ ತಿರುಗಿದರೆ ಸಾಕು, ತೋಳು ಬಂದು ಗೋಡೆಗೆ ಒತ್ತಿಕೊಳ್ಳುತ್ತದೆ. ನಡುವೆ ಏನಿದೆ ಎಂದು ರಿಲೇ ನೋಡುವುದಿಲ್ಲ.

ಗೌತಮರ ಮೊಬೈಲಿಗೆ ಮೂರು ಸಲ ಹಚ್ಚಿದೆ. ಮೂರು ಸಲವೂ ವ್ಯಾಪ್ತಿಯ ಹೊರಗೆ ಎಂದು ಅದೇ ಹೆಣ್ಣುದನಿ ಹೇಳಿತು. ಕಾಕಾಗೆ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಾಳೆ ಹೇಳೂಣು. ಇವತ್ತ ಸಾಹೇಬ್ರ ಮುಂದ ನಮ್ಮ ತಪ್ಪ ನಾವಽ ಸಾರಕೋತ ಹೋಗೂದೇನು?"

"ಇವತ್ತ ಕೈ ಹೋತಂದ್ರ ನಾಳೆ ಏನ್ ಹೇಳ್ತೀರಿ?"

"ಆರ ವರ್ಷ ಆತು ನೀ ಆಟೋ ಹಾಕ್ಲಿಕ್ಕತ್ತು. ಒಬ್ಬರರೆ ಬಂದು ಕೈ ಹೋತು ಅಂದಾರೇನು?"

ಆ ಮಾತಿಗೆ ನನಗೆ ಇನ್ನಷ್ಟು ಸಿಟ್ಟು ಬಂತು. ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಒಗೆದು, ಕಟರ್ ಮತ್ತು ಟೆಸ್ಟರ್ ಚೀಲಕ್ಕೆ ಹಾಕಿಕೊಂಡು ಹೊರಬಿದ್ದೆ. ಬಾಗಿಲಲ್ಲಿ ನಮ್ಮ ಟೆಂಪೋದ ಡ್ರೈವರ್ ಬಂದೇನವಾಜ ಹಗ್ಗ ಬಿಗಿಯುತ್ತಿದ್ದ. ಧಾರವಾಡದ ಅಂಗಡಿಯೊಂದಕ್ಕೆ ಆರು ಪಂಪ್ ಪ್ಯಾನಲ್ ಒಯ್ಯುವುದಿತ್ತು.

"ಮೊದಲ ಕೆಲಗೇರಿಗೆ ನಡಿ," ಎಂದು ಹತ್ತಿ ಕೂತೆ.

"ಕಾಕಾ ಹೇಳ್ಯಾರೇನಕ್ಕಾ?"

"ನಾ ಹೇಳಾಕತ್ತೇನಲ್ಲ."

ಅವನು ಇನ್ನೊಂದು ಮಾತು ಕೇಳಲಿಲ್ಲ. ಬೈಪಾಸ್ ಹಿಡಿದೆವು. ಟೋಲ್ ಗೇಟಿನಲ್ಲಿ ಮುಂದೆ ಏಳು ಲಾರಿ. ಚಿಲ್ಲರೆಗಾಗಿ ಯಾರೋ ವಾದಿಸುತ್ತಿದ್ದರು. ನಾನು ಹತ್ತರ ತನಕ ಎಣಿಸುತ್ತಿದ್ದೆ, ಮತ್ತೆ ಒಂದರಿಂದ ಹಿಡಿಯುತ್ತಿದ್ದೆ. ಹತ್ತು ಸೆಕೆಂಡು ಎಷ್ಟು ಉದ್ದ ಎಂದು ಅಲ್ಲಿಯ ತನಕ ನನಗೆ ಗೊತ್ತಿರಲಿಲ್ಲ. ಒಬ್ಬ ಮನುಷ್ಯ ದೀಪ ನೋಡಿ, ಏನೂ ಇಲ್ಲ ಎಂದು ಧೈರ್ಯ ತಂದುಕೊಂಡು, ಬಗ್ಗಿ ಕೈ ಹಾಕಲು ಅಷ್ಟು ಹೊತ್ತು ಸಾಕಷ್ಟಾಯಿತು. ಆಟೋ ಕೂಡಲೇ ಚಾಲೂ ಮಾಡಿದ್ದರೆ ಕೈ ಹಾಕುವವನು ಕಂಡಾದರೂ ಹಿಂದೆ ಸರಿಯುತ್ತಿದ್ದ.

"ಕಾಲ ಬಡಿಬ್ಯಾಡಕ್ಕಾ," ಎಂದ ಬಂದೇನವಾಜ. "ಎಕ್ಸಿಲೇಟರ್ ನನ್ನ ಕಡೆ ಐತಿ. ಯಾರಿಗರೆ ಆರಾಮಿಲ್ಲೇನು?"

"ಈಗ ಆರಾಮ ಅದಾರ. ಇನ್ನೊಂದ ತಾಸಿಗೆ ಗೊತ್ತಿಲ್ಲ."

ಹಿಂದೆ ಆರು ಪೆಟ್ಟಿಗೆಗಳು ಪ್ರತಿ ತಗ್ಗಿಗೂ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಆ ಸದ್ದು ಕೇಳುತ್ತಾ ಕೂರಲು ಆಗದೆ ಕಿವಿಗೆ ದುಪಟ್ಟಾ ಸುತ್ತಿಕೊಂಡೆ.

ಕೆಲಗೇರಿ ಕೆರೆಯ ದಂಡೆಯಲ್ಲಿ ಎರಡು ಜೀಪು ನಿಂತಿದ್ದವು. ಮರದ ನೆರಳಿಗೆ ಕುರ್ಚಿ ಹಾಕಿಕೊಂಡು ದೊಡ್ಡ ಸಾಹೇಬರು ಕೂತಿದ್ದರು. ದೋಣಿಯನ್ನು ದಂಡೆಗೆ ಕಟ್ಟಿದ್ದರು. ನಾನು ಯಾರ ಮುಖವನ್ನೂ ನೋಡಲಿಲ್ಲ, ಹೊಳೆಯಪ್ಪನವರ ಕೈಗಳನ್ನು ಹುಡುಕಿದೆ. ಅವರು ಚಹಾದ ತಟ್ಟೆ ಹಿಡಿದುಕೊಂಡು ಬರುತ್ತಿದ್ದರು, ಎರಡೂ ಕೈಯಲ್ಲಿ.

ಗೌತಮ ನಗುತ್ತಾ ಎದುರಿಗೆ ಬಂದರು. "ಬರ್ರಿ ಮೇಡಮ್. ಈಗಽ ಸಾಹೇಬ್ರಿಗೆ ನಿಮ್ಮ ಆಟೋದ ಬಗ್ಗೆ ಹೇಳಾಕತ್ತಿದ್ದೆ."

"ಅದನ್ನ ತಗ್ಯಾಕ ಬಂದೇನಿ ಸರ್. ತಪ್ಪ ಮಾಡೇನಿ."

ಅವರ ನಗು ನಿಂತಿತು. ನಾನು ಹೇಳಿದ್ದನ್ನೆಲ್ಲ ಕೇಳಿ, ಸಾಹೇಬರ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಅವರಿಗೆ ಅದಽ ಛಲೋ ಅನಿಸೇತ್ರಿ. ಒಂದ ಬೋರ್ಡ್ ಬರಸೂಣಲ್ಲ, ಚಾಲೂ ಇದ್ದಾಗ ಕೈ ಹಾಕಬಾರದು ಅಂತ."

"ಚಾಲೂ ಇದ್ದಾಗ ಯಾರೂ ಹಾಕೂದಿಲ್ರಿ. ಬಂದ್ ಐತಿ ಅಂತ ತಿಳದಽ ಹಾಕ್ತಾರ."

ಗೌತಮ ಕೆಟ್ಟವರಲ್ಲ. ಆದರೆ ಮೇಲಿನವರು ಮೆಚ್ಚಿದ್ದನ್ನು ಬೇಡವೆನ್ನಲು ಸರಕಾರಿ ಕಚೇರಿಯಲ್ಲಿ ಯಾರ ನಾಲಿಗೆಯೂ ಏಳುವುದಿಲ್ಲ. ವಾದ ಮಾಡುತ್ತಾ ನಿಂತರೆ ಹೊತ್ತು ಹೋಗುತ್ತದೆಂದು ನಾನು ದಂಡೆಯಲ್ಲಿ ಬಿದ್ದಿದ್ದ ಜಾಲಿಯ ಕೊಂಬೆಯೊಂದನ್ನು ಎತ್ತಿಕೊಂಡೆ. ನನ್ನ ಮುಂಗೈಯಷ್ಟೇ ದಪ್ಪ ಇತ್ತು. ದೋಣಿ ಹತ್ತಿ, ಅದನ್ನು ಚುಕ್ಕಾಣಿಯ ತೋಳು ಮತ್ತು ಗೋಡೆಯ ನಡುವೆ ಇಳಿಸಿದೆ, ಹೊಳೆಯಪ್ಪ ಕೈ ಇಳಿಸುವಲ್ಲೇ.

"ಸಾಹೇಬ್ರ, ಎರಡ ನಿಮಿಷ ಇಲ್ಲೆ ಬಂದ ನೋಡ್ರಿ," ಎಂದು ಕೂಗಿದೆ. ಕಾಕಾ ಅಲ್ಲಿದ್ದಿದ್ದರೆ ಕೆರೆಗೆ ಹಾರುತ್ತಿದ್ದರು.

ಸಾಹೇಬರು ಚಹಾದ ಕಪ್ಪು ಹಿಡಿದುಕೊಂಡೇ ದಂಡೆಗೆ ಬಂದರು. ಮೇನ್ ಹಾಕಿದೆ. ಕೆಂಪು ದೀಪ ಹತ್ತಿತು. ದೋಣಿಯಲ್ಲಿ ಒಂದು ಸದ್ದೂ ಇಲ್ಲ. ನಾನು ಗಟ್ಟಿಯಾಗಿ ಎಣಿಸಿದೆ. ಐದಕ್ಕೆ ಸಾಹೇಬರು ಗಡಿಯಾರ ನೋಡಿಕೊಂಡರು. ಏಳಕ್ಕೆ ಗೌತಮ ಏನೋ ಹೇಳಲು ಬಾಯಿ ತೆರೆದರು. ಹತ್ತಕ್ಕೆ ಟಕ್ ಎಂದಿತು. ನಾನು ದಂಡೆಗೆ ಕಾಲು ಕೊಟ್ಟು ದೋಣಿಯ ಮೂತಿಯನ್ನು ತುಸು ನೂಕಿದೆ. ಪಂಪು ಗುಂಯ್ ಎಂದಿತು, ತೋಳು ಅವಸರವಿಲ್ಲದೆ ಬಂದು ಕೊಂಬೆಗೆ ಒರಗಿತು, ಒತ್ತಿತು. ಕೊಂಬೆ ಲಟಕ್ಕೆಂದು ಎರಡಾಯಿತು. ತೋಳು ಗೋಡೆ ಮುಟ್ಟಿ ನಿಂತಿತು.

ಸಾಹೇಬರು ಕಪ್ಪನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟರು. "ತೆಗೀರಿ ಅದನ್ನ," ಎಂದರು, ಅಷ್ಟೇ.

ಕಟರಿನಿಂದ ಎರಡು ವೈರು ಕತ್ತರಿಸಿ ಆಟೋ ಕಿತ್ತು ಚೀಲಕ್ಕೆ ಹಾಕಿಕೊಂಡೆ. ಮೇನ್ ತೆಗೆದು ಹಾಕಿ ನೋಡಿದೆ. ಪೆಟ್ಟಿಗೆ ದೀಪ ಹಚ್ಚಿಕೊಂಡು ಸುಮ್ಮನೆ ಕೂತಿತು. ಒಂದು ನಿಮಿಷ, ಎರಡು ನಿಮಿಷ. ಗೌತಮ ಬಟನ್ ಒತ್ತಿದ ಮೇಲೆಯೇ ರಿಲೇ ಎದ್ದಿತು. ಅದನ್ನು ಮಾಡಿದವರು ಯಾವ ದೇಶದವರೋ, ಇಂಥ ಒಂದು ಕೈಯನ್ನು ನೆನೆಸಿಕೊಂಡೇ ಮಾಡಿದ್ದರು. ಸೋಮಾರಿ ಎಂದು ಬೈದವಳು ನಾನು.

ಮನಸ್ಸು ಹಗುರಾಗಬೇಕಿತ್ತು. ದೋಣಿ ಇಳಿದಾಗ ಹೊಳೆಯಪ್ಪ ಮುರಿದ ಕೊಂಬೆಯ ಎರಡು ತುಂಡು ಹಿಡಿದುಕೊಂಡು ಅಲ್ಲೇ ನಿಂತಿದ್ದರು. ತಮ್ಮ ಕೈ ಉಳಿದದ್ದಕ್ಕೆ ಏನಾದರೂ ಅಂದಾರು ಎಂದುಕೊಂಡೆ.

"ಅಕ್ಕಾರ, ಹೊಲದ ಪೆಟ್ಟಿಗ್ಯಾಗ ಆಟೋ ಇರತೈತಲ್ರಿ. ಅದಽ ಏನ್ರಿ ಇದು?"

"ಅದಽ ರೀ."

"ಅದೂ ಹತ್ತ ಸೆಕೆಂಡ ತಡದ ಚಾಲೂ ಆಗತೈತೇನ್ರಿ? ಕರೆಂಟ್ ಬಂದ ಕೂಡಲೇ ಅಲ್ಲ?"

"ಹತ್ತ ಸೆಕೆಂಡ ತಡದಽ."

ಅವರು ದಂಡೆಯ ಕಲ್ಲಿನ ಮೇಲೆ ಕುಕ್ಕರಿಸಿದರು. ತುಂಡುಗಳನ್ನು ಜೋಡಿಸಿ ನೋಡಿದರು, ಬಿಡಿಸಿದರು. "ನಮ್ಮ ಮನ್ಯಾಗ ಹೀಂಗಽ ಆಗೇತ್ರಿ," ಎಂದರು. "ಎರಡ ವರ್ಷ ಆತು. ಬೋರಿನ ಪೆಟ್ಟಿಗಿಗಽ ಜ್ವಾಳದ ಕಣಿಕಿ ಕೊಚ್ಚು ಮಷೀನ ಹಚ್ಚಿಸಿದ್ದೆ, ದನಕ್ಕ. ಕರೆಂಟ್ ಹೋದಾಗ ಬಾಯಾಗ ಕಣಿಕಿ ಸಿಕ್ಕಿತ್ತು. ನಮ್ಮಾಕಿ ತಗ್ಯಾಕ ಹೋಗ್ಯಾಳ. ಬಲಗೈಯಾಗಿನ ಮೂರ ಬಟ್ಟ ಹೋದವು."

ನಾನು ಅವರ ಪಕ್ಕದ ಕಲ್ಲಿನ ಮೇಲೆ ಕೂತೆ.

"ಬಲ್ಬ್ ಹತ್ತಿತ್ತು, ಮಷೀನ ಸುಮ್ಮನಿತ್ತು, ಅದಕ್ಕಽ ಕೈ ಹಾಕಿದೆ ಅಂತಾಳ್ರಿ. ನಾ ನಂಬಲಿಲ್ಲ. ಬಲ್ಬ್ ಹತ್ತಿದ್ರ ಮಷೀನ ತಿರಗತಿರತೈತಿ, ತಿರಗೂ ಮಷೀನಿಗೆ ಕೈ ಹಾಕೀದಿ, ನಿದ್ದಿಗಣ್ಣಾಗ ಇದ್ದಿ, ಅಂದೆ. ಬಂದ ಬೀಗರ ಮುಂದ ಎಲ್ಲಾ ಹಂಗಽ ಹೇಳೇನಿ."

ಅವರ ಮನೆ ಕೆರೆಯಿಂದ ಐದು ನಿಮಿಷದ ದಾರಿ. ನಾನೇ ಕೇಳಿ ಹೋದೆ. ಬಂದೇನವಾಜನಿಗೆ ಆಟೋ ಇರುವ ಆರೂ ಪೆಟ್ಟಿಗೆಗಳನ್ನು ಎಲ್ಲಿಯೂ ಇಳಿಸಬೇಡ, ತಿರುಗಿ ಒಯ್ಯೋಣ ಎಂದೆ. ಕೊನೆಗೆ ಕಾಕಾನ ಬೈಗುಳ ತಿನ್ನುವವನು ತಾನೇ ಎಂದು ಅವನು ಗೊಣಗಿ ಟೆಂಪೋದಲ್ಲೇ ಕೂತ.

ದನದ ಕೊಟ್ಟಿಗೆಯ ಗೋಡೆಗೆ ಬೂದು ಬಣ್ಣದ ಪೆಟ್ಟಿಗೆ ಇತ್ತು. ಬಾಗಿಲ ಮೇಲೆ ನಮ್ಮ ಅಂಗಡಿಯ ಹೆಸರು ಅರ್ಧ ಅಳಿಸಿತ್ತು. ಬೇರೆ ಯಾರೋ ವೈರಿಂಗ್ ಮಾಡಿರಲಿ ಎಂದು ಬಾಗಿಲು ತೆಗೆಯುವ ತನಕ ದೇವರನ್ನು ಬೇಡಿಕೊಂಡೆ, ಅದನ್ನೂ ಹೇಳಿಬಿಡುತ್ತೇನೆ. ಒಳಗೆ ವೈರುಗಳನ್ನು ನೂಲಿನಿಂದ ಗೇಣಿಗೊಂದು ಗಂಟು ಹಾಕಿ ಕಟ್ಟಲಾಗಿತ್ತು. ಪ್ರತಿ ವೈರಿನ ತುದಿಗೆ ಸಣ್ಣ ಚೀಟಿ, ಚೀಟಿಯ ಮೇಲೆ ನನ್ನ ಅಕ್ಷರ. ಬೇರೆಯವರು ಪ್ಲಾಸ್ಟಿಕ್ ಪಟ್ಟಿ ಹಾಕುತ್ತಾರೆ. ನೂಲಿನಲ್ಲಿ ಕಟ್ಟುವವಳು ನಮ್ಮ ಅಂಗಡಿಯಲ್ಲಿ ನಾನೊಬ್ಬಳೇ.

ಫ್ಯೂಸ್ ಕಿತ್ತು, ಆಟೋದ ವೈರು ಕತ್ತರಿಸುತ್ತಿದ್ದಾಗ ಹುಲಿಗೆವ್ವ ಚಹಾ ತಂದರು. ಹೊಳೆಯಪ್ಪನವರ ಹೆಂಡತಿ, ಎತ್ತರದ ಹೆಂಗಸು. ಬಲಗೈಯಲ್ಲಿ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಉಳಿದಿದ್ದವು. ಆ ಎರಡರಲ್ಲೇ ಕಪ್ಪಿನ ಕಿವಿ ಹಿಡಿದು ಒಂದು ಹನಿ ಚೆಲ್ಲದೆ ಚಾಚಿದರು. ನನಗೆ ತೆಗೆದುಕೊಳ್ಳಲು ಕೈ ಬರಲಿಲ್ಲ.

"ಪೆಟ್ಟಿಗಿ ಏನ್ ಕೆಟ್ಟೇತ್ರಿ ಬಾಯಾರ?" ಎಂದರು. "ಛಲೋ ನಡದಿತ್ತಲ್ಲ."

"ಕೆಟ್ಟಿಲ್ಲರಿ ಯವ್ವಾ. ನಾನಽ ಕಟ್ಟಿದ್ದು ಇದನ್ನ. ಕಟ್ಟೂದ್ರಾಗ ತಪ್ಪ ಮಾಡೇನಿ." ಆಟೋ ತೋರಿಸಿದೆ. "ಕರೆಂಟ್ ಬಂದಮ್ಯಾಲೆ ಬಲ್ಬ್ ಹತ್ತತೈತಿ. ಮಷೀನ ಹತ್ತ ಸೆಕೆಂಡ ಸುಮ್ಮನಿರತೈತಿ. ಆಮ್ಯಾಲೆ ತಾನಽ ತಿರಗತೈತಿ. ಹಂಗ ಇಟ್ಟಾಕಿ ನಾನು. ಅಲ್ಲೆ ಯಾರರೆ ಕೈ ಹಾಕ್ತಾರ ಅಂತ ನನ್ನ ತಲ್ಯಾಗ ಬರಲಿಲ್ಲ."

ಬೈಯಲಿ ಎಂದು ಕಾದೆ. ಚಹಾ ಮುಖಕ್ಕೆ ಎರಚಿದ್ದರೂ ನಾನು ಅಲುಗುತ್ತಿರಲಿಲ್ಲ. ಹುಲಿಗೆವ್ವ ಕಪ್ಪನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. ನನ್ನ ಮೇಲೆ ಅವರಿಗೆ ಲಕ್ಷ್ಯವೇ ಇರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಗಂಡ ನೆಲ ನೋಡುತ್ತಾ ನಿಂತಿದ್ದರು. ಹುಲಿಗೆವ್ವ ಅವರನ್ನೇ ನೋಡುತ್ತಿದ್ದರು.

"ಬಲ್ಬ್ ಹತ್ತಿತ್ತು," ಎಂದರು. "ಮಷೀನ ಸುಮ್ಮನಿತ್ತು."

ಹೊಳೆಯಪ್ಪ ತಲೆ ಎತ್ತಲಿಲ್ಲ.

"ಬಾಯಾರ," ಎಂದರು ಹುಲಿಗೆವ್ವ, ಕಣ್ಣು ಗಂಡನ ಮೇಲಿಂದ ತೆಗೆಯದೆ. "ಇನ್ನೊಮ್ಮೆ ಹೇಳ್ರಿ. ಅವರಿಗೆ ಕೇಳೂವಂಗ ಹೇಳ್ರಿ."

ನಾನು ಹೊಳೆಯಪ್ಪನವರ ಕಡೆ ತಿರುಗಿ, ಮೊದಲಿನಿಂದ ಇನ್ನೊಮ್ಮೆ ಹೇಳಿದೆ.